ಅಂಗಳದ ಈಜುಕೊಳಕ್ಕೆ ಮಳೆಗಾಲದ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಉಡುಪಿಯಿಂದ ಕಾಪು ಕಡೆಗೆ ಹೋಗುವ ದಾರಿಯಲ್ಲಿದೆ. ಮುಂಬಯಿಯಿಂದ ಬರುವ ಮೊಮ್ಮಕ್ಕಳು ಏಪ್ರಿಲ್ ಸೆಕೆಗೆ ಬಾವಿಕಟ್ಟೆಯ ಬಳಿಯಿಂದ ಏಳುವುದೇ ಇಲ್ಲವೆಂದು, ಆರು ವರ್ಷಗಳ ಹಿಂದೆ ಅಂಗಳಕ್ಕೆ ಒಂದು ಈಜುಕೊಳ ತರಿಸಿದೆ. ನೆಲ ಅಗೆಯುವ ಕೆಲಸವಿಲ್ಲ. ಉಕ್ಕಿನ ಪೈಪುಗಳ ಫ್ರೇಮು, ಅದಕ್ಕೆ ತೂಗುಹಾಕಿದ ದಪ್ಪ ಪಿವಿಸಿ ಹಾಳೆ, ಒಂದು ಸಣ್ಣ ಪಂಪು, ಅಷ್ಟೆ. ಅಗಲ 12 ಅಡಿ, ಎತ್ತರ ಎರಡೂವರೆ ಅಡಿ. ಅದನ್ನು ನೋಡಿ ನೆಂಟರು ತರಿಸಿದರು, ನೆರೆಯವರು ತರಿಸಿದರು, ಒಂದೆರಡು ಹೋಂಸ್ಟೇಯವರೂ ತರಿಸಿದರು. ಅಂದಿನಿಂದ ಮೇ ತಿಂಗಳಲ್ಲಿ ನನ್ನ ಮೊಬೈಲಿಗೆ ಬಿಡುವಿಲ್ಲ. ಒಂದೇ ಮಾತನ್ನು ಹತ್ತು ಮಂದಿಗೆ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ವಾಸಿ ಎನಿಸಿತು.

ಕೊಳದ ಜೊತೆ ಬಂದ ಪುಸ್ತಕದಲ್ಲಿ ಚಳಿಗಾಲದ ತಯಾರಿ ಎಂದು ನಾಲ್ಕು ಪುಟ ಇದೆ. ನಮಗೆಲ್ಲಿಯ ಚಳಿಗಾಲ?

ಆ ನಾಲ್ಕು ಪುಟ ಬರೆದವರ ಕಣ್ಣ ಮುಂದೆ ಇದ್ದದ್ದು ಮಂಜುಗಡ್ಡೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೂ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೊಳಕ್ಕೆ ಅದು ಏನೂ ಅಲ್ಲ. ಬೆಳಗ್ಗೆ ಇಳಿಯಲು ಮಕ್ಕಳು ಸ್ವಲ್ಪ ಅಳುಕುತ್ತಾರೆ, ಅಷ್ಟೆ. ನಮ್ಮ ಕೊಳ ಬಾಗಿಲು ಹಾಕಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯ ಬಹುಪಾಲು ಆ ನಾಲ್ಕು ತಿಂಗಳಲ್ಲೇ ಬೀಳುತ್ತದೆ.

ಹಾಗೆಂದು ಪುಸ್ತಕದಲ್ಲಿ ಚಳಿಗಾಲ ಎಂದಿರುವಲ್ಲೆಲ್ಲ ಮಳೆಗಾಲ ಎಂದು ಓದಿಕೊಂಡರೆ ಮುಗಿಯಿತೆ? ಇಲ್ಲ, ನಾನು ಮೊದಲ ವರ್ಷ ಹಾಗೆಯೇ ಮಾಡಿ ಕೆಟ್ಟೆ. ಅವರ ಭಯ ನೀರು ಗಟ್ಟಿಯಾಗಿ ಪೈಪು ಒಡೆದೀತು ಎಂಬುದು. ನಮ್ಮ ಭಯಗಳು ಬೇರೆ: ಕೊಳ ತುಂಬಿ ಹರಿಯುತ್ತದೆ, ಅಡಿಯ ನೆಲ ಕುಸಿಯುತ್ತದೆ, ಸೊಳ್ಳೆ ಮರಿ ಹಾಕುತ್ತದೆ, ಮಡಚಿಟ್ಟದ್ದಕ್ಕೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಬಿಟ್ಟದ್ದನ್ನು ಇಲಿ ಕಡಿಯುತ್ತದೆ. ಕೆಳಗಿನ ಉತ್ತರಗಳಲ್ಲಿ ಮುಕ್ಕಾಲುಪಾಲು ಒಂದೇ ಮಾತನ್ನು ಸುತ್ತುತ್ತವೆ. ಬಿಸಿಲು ಇರುವಾಗಲೇ ಕೊಳವನ್ನು ಒಣಗಿಸಿ ಒಳಗಿಡಿ.

ಯಾವಾಗ ಶುರು ಮಾಡಬೇಕು?

ಪತ್ತನಾಜೆಗೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ನಾನು ಕೊಳ ಬಿಚ್ಚುತ್ತೇನೆ. ಹಿರಿಯರು ಇಟ್ಟ ಗಡುವು ಕೊಳಕ್ಕೂ ಸರಿಯಾಗಿಯೇ ಹೊಂದುತ್ತದೆ. ಮುಂಗಾರು ಕರಾವಳಿಗೆ ಕಾಲಿಡುವುದು ಸಾಮಾನ್ಯವಾಗಿ ಜೂನ್ ಮೊದಲ ವಾರ. ನೀರು ಖಾಲಿ ಮಾಡಲು ಒಂದು ದಿನ, ತೊಳೆಯಲು ಒಂದು ದಿನ, ಒಣಗಿಸಲು ಎರಡು ದಿನ ಬೇಕು. ನಡುವೆ ಮೇ ತಿಂಗಳ ಸಂಜೆಯ ಗುಡುಗು ಮಳೆ ಒಂದೆರಡು ದಿನ ತಿನ್ನುತ್ತದೆ. ಕಟ್ಟಿಗೆ ಒಳಗೆ ಸೇರಿಸುವಾಗ, ಹಪ್ಪಳ ಸಂಡಿಗೆ ಕೊನೆಯ ಬಿಸಿಲು ಕಾಯುವಾಗ, ಆ ಪಟ್ಟಿಗೆ ಕೊಳವನ್ನೂ ಸೇರಿಸಿಕೊಳ್ಳಿ.

ಮೊಮ್ಮಕ್ಕಳು ಮೇ ಕೊನೆಯವರೆಗೂ ಇರುತ್ತಾರೆ, ಅಳುತ್ತಾರೆ ಎನ್ನುತ್ತೀರಿ. ನಮ್ಮಲ್ಲೂ ಅಳುತ್ತಾರೆ. ತೊಳೆಯುವ ಕೆಲಸ ಅವರಿಗೇ ಕೊಡಿ. ಸಾಬೂನು ನೊರೆಯಲ್ಲಿ ಜಾರುವುದು ಈಜಿಗಿಂತ ಹೆಚ್ಚು ಖುಷಿ ಎಂದು ಅವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಬಿಚ್ಚಲೇಬೇಕೆ? ತುಂಬಿಸಿ ಹಾಗೆಯೇ ಬಿಟ್ಟರೆ ಏನಾಗುತ್ತದೆ?

ಲೆಕ್ಕ ಹಾಕಿ ನೋಡಿ. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್. 12 ಅಡಿ ಅಗಲದ ಕೊಳದ ಬಾಯಿ ಸುಮಾರು ಹತ್ತೂವರೆ ಚದರ ಮೀಟರ್. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ, ಜುಲೈಯಲ್ಲಿ ನಮ್ಮಲ್ಲಿ ಅದು ಸುದ್ದಿಯೇ ಅಲ್ಲ, ಸಾವಿರ ಲೀಟರಿಗೂ ಹೆಚ್ಚು ನೀರು ಸೇರುತ್ತದೆ, ಮಟ್ಟ ಹತ್ತು ಸೆಂಟಿಮೀಟರ್ ಏರುತ್ತದೆ. ಈಜಲು ತುಂಬಿಸಿದ ಕೊಳದಲ್ಲಿ ಅಂಚಿಗೆ ಉಳಿದಿರುವುದು ಹೆಚ್ಚೆಂದರೆ ಹದಿನಾಲ್ಕು ಸೆಂಟಿಮೀಟರ್. ಎರಡು ದಿನದ ಮಳೆಗೆ ಕೊಳ ತುಳುಕುತ್ತದೆ.

ತುಳುಕಿದರೆ ತುಳುಕಲಿ, ಹೊರಗಿರುವುದೂ ನೀರೇ ಅಲ್ಲವೆ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ವರ್ಷ ಕೊಳದಡಿಗೆ ಮಟ್ಟಸಕ್ಕಾಗಿ ಎರಡು ಇಂಚು ಹೊಯಿಗೆ (ಮರಳು) ಹಾಸಿದ್ದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅಂಗಳದ ನೀರು ತೋಡಿನ (ಸಣ್ಣ ಹಳ್ಳದ) ಕಡೆಗೆ ಹರಿಯುವಾಗ ಹೊಯಿಗೆಯನ್ನು ಒಂದು ಬದಿಯಿಂದ ಸದ್ದಿಲ್ಲದೆ ಹೊತ್ತುಕೊಂಡು ಹೋಯಿತು. ತೋಡಿನ ಬದಿಯ ಕಾಲೊಂದು ಮಣ್ಣಿಗೆ ಮೂರು ಬೆರಳು ಇಳಿಯಿತು. ಕೊಳ ಆ ಕಡೆಗೆ ವಾಲಿತು. ವಾಲಿದ ಕಡೆಗೆ ನೀರು ಸೇರಿತು, ಸೇರಿದ ನೀರಿನ ಭಾರಕ್ಕೆ ಇನ್ನಷ್ಟು ವಾಲಿತು. ರಾತ್ರಿ ಎರಡು ಗಂಟೆಗೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ಟಾರ್ಚು ಹಿಡಿದು ಹೊರಗೆ ಬಂದರೆ ಫ್ರೇಮು ಮುದುರಿ ಬಿದ್ದಿತ್ತು, ಆರು ಟನ್ ನೀರು ಪಕ್ಕದ ಮನೆಯ ಅಕ್ಕನ ಅಲಸಂಡೆ ಚಪ್ಪರವನ್ನು ಕಿತ್ತುಕೊಂಡು ತೋಡು ಸೇರಿತ್ತು. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಹಗಲಾಗಿದ್ದರೆ ಎಂದು ಈಗಲೂ ಯೋಚನೆಯಾಗುತ್ತದೆ.

ಫ್ರೇಮಿನ ಕೊಳ, ಗಾಳಿ ತುಂಬುವ ಕೊಳ, ಎರಡನ್ನೂ ಬಿಚ್ಚಿ ಒಳಗಿಡಿ. ಗಟ್ಟಿ ಗೋಡೆಯ ಕೊಳದ ಮಾತು ಬೇರೆ, ಅದು ಮುಂದೆ ಬರುತ್ತದೆ.

ನೀರು ಖಾಲಿ ಮಾಡಿ ಕೊಳವನ್ನು ಅಲ್ಲೇ ಬಿಟ್ಟು ಟಾರ್ಪಾಲು ಕಟ್ಟಿದರೆ ಸಾಲದೆ?

ಸಾಲದು. ಟಾರ್ಪಾಲು ನಡುವೆ ಜೋತುಬೀಳುತ್ತದೆ, ಅಲ್ಲಿ ಮಳೆನೀರು ನಿಂತು ಇನ್ನೊಂದು ಕೊಳವೇ ಆಗುತ್ತದೆ. ಅದರೊಳಗೆ ಮಾವಿನೆಲೆ ಕೊಳೆಯುತ್ತದೆ, ಕಪ್ಪೆ ಮೊಟ್ಟೆ ಇಡುತ್ತದೆ, ಕಪ್ಪೆಯ ಹಿಂದೆ ಹಾವು ಬರುತ್ತದೆ. ಖಾಲಿ ಕೊಳಕ್ಕೆ ಗಾಳಿಯ ಎದುರು ನಿಲ್ಲುವ ಭಾರವೂ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಸಂಗತಿ ಮಕ್ಕಳದು. ನೀರು ನಿಂತ ಟಾರ್ಪಾಲು ಗಟ್ಟಿ ನೆಲದಂತೆ ಕಾಣುತ್ತದೆ. ಅದರ ಮೇಲೆ ಕಾಲಿಟ್ಟ ಮಗುವನ್ನು ಅದು ಸುತ್ತಿಕೊಂಡು ಒಳಗೆಳೆಯುತ್ತದೆ. ಸಣ್ಣ ಮಗು ಮುಳುಗಲು ಅರ್ಧ ಅಡಿ ನೀರೂ ಬೇಕಾಗಿಲ್ಲ. ಕೊಳ ಯಾವ ಸ್ಥಿತಿಯಲ್ಲೇ ಇರಲಿ, ಏಣಿಯನ್ನು ತೆಗೆದು ಮನೆಯೊಳಗೆ ಇಡುವುದು ಮಳೆಗಾಲದ ಮೊದಲ ಕೆಲಸ.

ಆರೂವರೆ ಸಾವಿರ ಲೀಟರ್ ನೀರನ್ನು ಎಲ್ಲಿಗೆ ಬಿಡಲಿ?

ಮೇ ಕೊನೆ ಎಂದರೆ ನಮ್ಮ ಊರುಗಳಲ್ಲಿ ನೀರಿಗೆ ಬೆಲೆ ಬರುವ ಕಾಲ. ಉಡುಪಿ ನಗರ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನತ್ತ ನೋಡುತ್ತಿರುತ್ತದೆ, ಮಂಗಳೂರು ನೇತ್ರಾವತಿಯ ತುಂಬೆಯತ್ತ. ಆ ದಿನಗಳಲ್ಲಿ ಕೊಳದ ಬಿರಡೆ ಕಿತ್ತು ನೀರನ್ನು ರಸ್ತೆಗೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಖಾಲಿ ಮಾಡುವ ನಾಲ್ಕೈದು ದಿನ ಮೊದಲೇ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ. ಮೇಲಿನ ಹೊದಿಕೆ ತೆಗೆದಿಡಿ. ಬಿಸಿಲಿಗೆ ಕ್ಲೋರಿನ್ ತಾನಾಗಿ ಇಳಿಯುತ್ತದೆ. ಪರೀಕ್ಷೆಯ ಪಟ್ಟಿ ಅದ್ದಿದರೆ ಕ್ಲೋರಿನ್ ಜಾಗದಲ್ಲಿ ಬಣ್ಣ ಏಳಬಾರದು. ಆಮೇಲೆ ತೆಂಗಿನ ಬುಡಕ್ಕೆ ಬಿಡಿ. ಬೇಸಗೆಯಲ್ಲಿ ಒಂದು ಮರಕ್ಕೆ ದಿನಕ್ಕೆ 40–50 ಲೀಟರ್ ಎಂದು ಹಿಡಿದರೆ, ಇಪ್ಪತ್ತು ಮರಗಳಿಗೆ ಒಂದು ವಾರದ ನೀರು. ಅಷ್ಟು ದಿನ ಹಿಡಿದಿಡಲಾಗದು, ಹಾಗಾಗಿ ಪೈಪನ್ನು ಬುಡದಿಂದ ಬುಡಕ್ಕೆ ಸರಿಸುತ್ತ ಹೋಗಿ. ಬಾವಿಯ ಹತ್ತಿರ ಬಿಡಬೇಡಿ, ನೇರವಾಗಿ ತೋಡಿಗೂ ಬಿಡಬೇಡಿ. ಕ್ಲೋರಿನ್ ಮೀನಿಗೆ ವಿಷ.

ಪಂಪು ಬೇಕಾಗಿಲ್ಲ. ತೋಟದ ಪೈಪನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಒಳಗಿನ ಗಾಳಿ ಹೋಗಲು ಬಿಡಿ, ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೊಳಕ್ಕಿಂತ ತಗ್ಗಿನ ಜಾಗಕ್ಕೆ ಒಯ್ದು ಬೆರಳು ತೆಗೆಯಿರಿ. ನಿಮಿಷಕ್ಕೆ ಹತ್ತು ಲೀಟರ್ ಹರಿದರೆ ಹನ್ನೊಂದು ಗಂಟೆಯ ಕೆಲಸ. ತಳದಲ್ಲಿ ಉಳಿಯುವ ಎರಡು ಇಂಚು ನೀರನ್ನು ಬಾಲ್ದಿಯಲ್ಲಿ ಎತ್ತಿ ಅಂಗಳ ತೊಳೆಯಿರಿ.

ಒಣಗಿಸುವುದಕ್ಕೆ ಅಷ್ಟು ಮಹತ್ವ ಏಕೆ? ಒರೆಸಿ ಮಡಚಿದರೆ ಆಗದೆ?

ಎರಡನೆಯ ವರ್ಷದ ಕತೆ ಕೇಳಿ. ಆ ಸಲ ಮೇ 30ಕ್ಕೆ ಬಿಚ್ಚಿದೆ. ಮಧ್ಯಾಹ್ನ ಪಡುವಣದಲ್ಲಿ ಮೋಡ ಕಪ್ಪಾದದ್ದು ಕಂಡು ಹಳೆಯ ಪಂಚೆಯಲ್ಲಿ ಗಡಿಬಿಡಿಯಿಂದ ಒರೆಸಿ, ಸುರುಳಿ ಸುತ್ತಿ, ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ನವೆಂಬರಿನಲ್ಲಿ ಇಳಿಸಿ ಬಿಚ್ಚಲು ಹೋದರೆ ಹಾಳೆ ಬಿಚ್ಚಲೊಲ್ಲದು. ಮಡಿಕೆಗಳು ಒಂದಕ್ಕೊಂದು ಅಂಟಿದ್ದವು. ಎಳೆದಾಗ ಹಳೆಯ ಬ್ಯಾಂಡೇಜು ಕಿತ್ತ ಸದ್ದು. ನೀಲಿ ಹಾಳೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು, ಅವುಗಳ ಸುತ್ತ ಬಿಳಿ ತುಪ್ಪಳ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು, "ಇದನ್ನು ಮತ್ತೆ ಅಂಗಳದಲ್ಲಿ ನಿಲ್ಲಿಸಿದರೆ ನಾನು ತವರಿಗೆ ಹೋಗುತ್ತೇನೆ" ಎಂದಳು.

ಎಡವಿದ್ದು ಎಲ್ಲಿ ಎಂದರೆ, ಹಾಳೆ ಮೇಲ್ನೋಟಕ್ಕೆ ಒಣಗಿತ್ತು. ಆದರೆ ಪೈಪು ತೂರಿಸುವ ಅಂಚಿನ ತೋಳುಗಳೊಳಗೆ, ತಳ ಮತ್ತು ಗೋಡೆ ಸೇರುವ ಹೊಲಿಗೆಯಲ್ಲಿ, ಬಿರಡೆಯ ಗೂಡಿನಲ್ಲಿ ತೇವ ಉಳಿದಿತ್ತು. ನಮ್ಮ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಒಂದು ಲೋಟ ನೀರು ಒಳಗೆ ಉಳಿದರೂ ಅದು ಹೊರಗೆ ಹೋಗುವ ದಾರಿಯಿಲ್ಲ, ನಾಲ್ಕು ತಿಂಗಳು ಅಲ್ಲೇ ಬೂಷ್ಟನ್ನು ಸಾಕುತ್ತದೆ.

ಈಗ ನಾನು ಮಾಡುವುದು ಹೀಗೆ. ಮೊದಲು ಒಳಗೆ ಹೊರಗೆ ಪಾತ್ರೆ ಸಾಬೂನು, ಮೃದು ಬ್ರಷ್ಷು. ಕಬ್ಬಿಣದ ನಾರು ಬೇಡ. ನೀರಿನ ಮಟ್ಟದಲ್ಲಿ ಎಣ್ಣೆಜಿಡ್ಡಿನ ಒಂದು ಗೆರೆ ಇರುತ್ತದೆ. ಮಕ್ಕಳ ತಲೆಗೆ ಹಚ್ಚಿದ ತೆಂಗಿನೆಣ್ಣೆಯೆಲ್ಲ ಅಲ್ಲಿ ಸೇರಿರುತ್ತದೆ. ಅದು ಹೋಗದಿದ್ದರೆ ಬೂಷ್ಟು ಶುರುವಾಗುವುದೇ ಅಲ್ಲಿಂದ. ತೊಳೆದ ಮೇಲೆ ಹಾಳೆಯನ್ನು ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ದಪ್ಪ ಹಗ್ಗದ ಮೇಲೆ ಹಾಕುತ್ತೇನೆ, ಹಗ್ಗದ ಮೇಲೊಂದು ಹಳೆಯ ಕಂಬಳಿ ಹಾಸಿ, ಗುರುತು ಬೀಳದಂತೆ. ಹಾಕುವ ಮುನ್ನ ಮೇಲೆ ನೋಡಿಕೊಳ್ಳಿ, ಒಣ ಮಡಲು, ಬಲಿತ ಕಾಯಿ ಇದ್ದರೆ ಮೊದಲು ಇಳಿಸಿ. ಅರ್ಧ ದಿನ ಒಂದು ಮೈ, ಅರ್ಧ ದಿನ ಇನ್ನೊಂದು ಮೈ. ವಾರಗಟ್ಟಲೆ ಬಿಸಿಲಲ್ಲಿ ಬಿಡಬೇಡಿ, ಪಿವಿಸಿ ಬಿರುಸಾಗುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಕಟ್ಟೆಯ ಮೇಲೆ ಎಳೆಯಲೇಬೇಡಿ, ಆ ಕಲ್ಲಿನ ಅಂಚಿಗೆ ಹಾಳೆ ಸೀಳಲು ಒಂದು ಜಗ್ಗು ಸಾಕು. ತೋಳುಗಳೊಳಗೆ ಬಟ್ಟೆ ಸುತ್ತಿದ ಕೋಲು ತೂರಿಸಿ ಎಳೆಯಿರಿ, ಎರಡನೆಯ ದಿನ ಅಲ್ಲಿಗೇ ಟೇಬಲ್ ಫ್ಯಾನು ತಿರುಗಿಸಿ. ಕೊನೆಗೆ ಕೈಯ ಹಿಂಬದಿಯನ್ನು ಹೊಲಿಗೆಗೆ ಒತ್ತಿ ನೋಡಿ. ಅಂಗೈಗಿಂತ ಅದಕ್ಕೆ ತಂಪು ಬೇಗ ತಿಳಿಯುತ್ತದೆ. ತಂಪು ಎನಿಸಿದರೆ ಇನ್ನೂ ಒಣಗಿಲ್ಲ.

ಮಡಚುವಾಗ ಮಡಿಕೆಗಳ ನಡುವೆ ಟಾಲ್ಕಂ ಪೌಡರ್ ಉದುರಿಸಿ, ಅಂಟುವುದಿಲ್ಲ. ಮಗುವಿಗೆ ಹಚ್ಚುವ ಅದೇ ಪೌಡರು, ಅಗ್ಗದ್ದಾದರೂ ನಡೆಯುತ್ತದೆ. ಬಿಗಿಯಾಗಿ ಒತ್ತಿ ಮಡಚಬೇಡಿ.

ಮಡಚಿದ ಹಾಳೆಯನ್ನು ಎಲ್ಲಿಡುವುದು? ಅಟ್ಟದಲ್ಲಿ ಇಲಿ ಇದೆ.

ಇಲಿ ಯಾರ ಅಟ್ಟದಲ್ಲಿಲ್ಲ? ಮೂರನೆಯ ವರ್ಷ ಹಾಳೆ ಒಣಗಿತ್ತು, ಬೂಷ್ಟು ಇರಲಿಲ್ಲ, ನಾಲ್ಕು ಮಡಿಕೆ ಆರಪಾರು ಕೊರೆದ ತೂತು ಮಾತ್ರ ಇತ್ತು. ಬಿಚ್ಚಿದರೆ ಕಾಗದದ ಗೊಂಬೆ ಕತ್ತರಿಸಿದ ಹಾಗೆ ಒಂದೇ ಆಕಾರದ ಎಂಟು ತೂತುಗಳು. ಬೇವಿನ ಸೊಪ್ಪು, ಕರ್ಪೂರ ಎಂದು ಸಲಹೆ ಕೊಟ್ಟವರು ಹಲವರು. ಇಲಿ ಅದನ್ನೆಲ್ಲ ಲೆಕ್ಕಕ್ಕೆ ಇಡುವುದಿಲ್ಲ.

ಕಬ್ಬಿಣದ ಪಟ್ಟಿಯಿಂದ ಬಿಗಿಯುವ ಮುಚ್ಚಳದ, 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಗುಜರಿಯಲ್ಲಿ ಸಿಗುತ್ತದೆ. ಒಳಗೆ ಏನು ತುಂಬಿದ್ದರು ಎಂದು ಕೇಳಿ ತಿಳಿದು, ಚೆನ್ನಾಗಿ ತೊಳೆದು, ಒಣಗಿಸಿ, ಹಾಳೆಯನ್ನು ಅದಕ್ಕಿಳಿಸಿ. ಅಂದಿನಿಂದ ನನಗೆ ಇಲಿಯ ಕಾಟವಿಲ್ಲ. ಡ್ರಮ್ಮನ್ನು ಸಿಮೆಂಟು ನೆಲದ ಮೇಲೆ ನೇರ ಇಡದೆ ಎರಡು ಹಲಗೆಯ ಮೇಲಿಡಿ.

ತೂತಿನ ಚಿಂತೆಯೊಂದೇ ಅಲ್ಲ. ಮಳೆಗಾಲದಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಇಲಿಜ್ವರ ಕಾಣಿಸಿಕೊಳ್ಳುತ್ತದೆ. ಅದು ಹರಡುವುದು ಇಲಿಯ ಮೂತ್ರದಿಂದ. ಇಲಿ ಓಡಾಡಿದ ಹಾಳೆಯನ್ನು ಸಾಬೂನು, ಬ್ಲೀಚ್ ನೀರಿನಿಂದ ತೊಳೆಯದೆ ಮಕ್ಕಳನ್ನು ಇಳಿಸಬೇಡಿ. ತೊಳೆಯುವಾಗ ನಿಮ್ಮ ಕೈಗೆ ಗ್ಲೌಸು ಇರಲಿ.

ಫ್ರೇಮಿನ ಪೈಪುಗಳು?

ಉಪ್ಪುಗಾಳಿಯ ಊರು ನಮ್ಮದು. ಪೈಪಿನ ಹೊರಮೈಗೆ ಬಣ್ಣವೋ ಸತುವಿನ ಲೇಪವೋ ಇರುತ್ತದೆ, ತುಕ್ಕು ಹಿಡಿಯುವುದು ತೂತು ಕೊರೆದ ಅಂಚುಗಳಿಂದ, ಒಳಗಿನಿಂದ. ಒಂದೊಂದನ್ನೂ ಸಿಹಿನೀರಲ್ಲಿ ತೊಳೆದು, ಗೋಡೆಗೆ ಓರೆಯಾಗಿ ನಿಲ್ಲಿಸಿ ಒಳಗಿನ ನೀರು ಇಳಿಸಿ. ತುಕ್ಕು ಕಂಡಲ್ಲಿ ಉಜ್ಜಿ ಸತುವಿನ ಪ್ರೈಮರ್ ಹಚ್ಚಿ. ಪೈಪುಗಳಿಗೆ ಸುಣ್ಣದ ಗುರುತಿನಿಂದ ನಂಬರು ಹಾಕಿ. ನವೆಂಬರಿನಲ್ಲಿ ನನ್ನನ್ನು ನೆನೆಯುತ್ತೀರಿ. ಬ್ಲೀಚಿಂಗ್ ಪೌಡರ್ ಇಟ್ಟ ಕೋಣೆಯಲ್ಲಿ ಮಾತ್ರ ಪೈಪು ಇಡಬೇಡಿ, ಅದರ ಆವಿಗೆ ಉಕ್ಕು ಬಹಳ ಬೇಗ ಕೆಂಪಾಗುತ್ತದೆ.

ಪಂಪು ಮತ್ತು ಫಿಲ್ಟರ್?

ಮೊದಲು ಪ್ಲಗ್ಗು ಕಿತ್ತುಬಿಡಿ. ಮೇ ಸಂಜೆಯ ಸಿಡಿಲಿಗೆ ಸುಟ್ಟ ಪಂಪುಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಾಗದದ ಫಿಲ್ಟರ್ ಉರುಳೆ ಹಳೆಯದಾಗಿದ್ದರೆ ಎಸೆಯಿರಿ, ಅದನ್ನು ಒಣಗಿಸಿ ಉಳಿಸಿ ಲಾಭವಿಲ್ಲ. ಪಂಪಿನ ಹೊಟ್ಟೆಯ ನೀರು ಇಳಿಸಿ, ರಬ್ಬರ್ ಉಂಗುರಗಳಿಗೆ ಸಿಲಿಕಾನ್ ಗ್ರೀಸು ಹಚ್ಚಿ. ಗಾಡಿಯ ಗ್ರೀಸು ರಬ್ಬರನ್ನು ಉಬ್ಬಿಸುತ್ತದೆ. ಸಣ್ಣ ಬಿರಡೆ, ವಾಷರ್‌ಗಳನ್ನು ಒಂದು ಡಬ್ಬಿಗೆ ಹಾಕಿ ಪಂಪಿಗೇ ಕಟ್ಟಿಡಿ. ಪಂಪು ಜೋಡಿಸುವ ಪ್ಲಗ್ಗಿಗೆ 30 ಮಿಲಿಆಂಪಿಯರ್‌ನ ವಿದ್ಯುತ್ ಸೋರಿಕೆ ತಡೆಯುವ ಸ್ವಿಚ್ಚು ಇಲ್ಲದಿದ್ದರೆ, ಈ ಬಿಡುವಿನಲ್ಲೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಹಾಕಿಸಿಕೊಳ್ಳಿ.

ನಮ್ಮದು ಉಕ್ಕಿನ ಗೋಡೆಯ ಕೊಳ. ಬಿಚ್ಚಲು ಆಗುವುದಿಲ್ಲ. ಖಾಲಿ ಮಾಡಿ ಬಿಡಲೆ?

ಖಾಲಿ ಮಾಡಬೇಡಿ. ಗಟ್ಟಿ ಗೋಡೆಯ ಕೊಳವನ್ನು ನಿಲ್ಲಿಸಿರುವುದೇ ಒಳಗಿನ ನೀರು. ಖಾಲಿಯಾದರೆ ಒಳಪದರ ಕುಗ್ಗುತ್ತದೆ, ಬಿರುಗಾಳಿಗೆ ತಗಡಿನ ಗೋಡೆ ಒಳಕ್ಕೆ ಮಡಚಿಕೊಳ್ಳುತ್ತದೆ. ಹೋಂಸ್ಟೇಯವರಿಗೆ ನಾನು ಹೇಳಿದ್ದು, ಅಂಗಳಕ್ಕೆ ಮಳೆಗಾಲದಲ್ಲಿ ತಗಡಿನ ಮಾಡು (ಚಾವಣಿ) ಹಾಕಿಸುವುದಿಲ್ಲವೆ, ಅದನ್ನೇ ಕೊಳದ ಮೇಲೂ ಹಾಕಿಸಿ. ನಾಲ್ಕು ಕಂಬ, ಪಡುವಣ ಗಾಳಿಗೆ ಬೆನ್ನಾಗುವ ಇಳಿಜಾರು, ಬದಿಗೆ ಬಲೆ. ಹೊದಿಕೆಗಿಂತ ದುಬಾರಿ, ಆದರೆ ಮುಂದಿನ ವರ್ಷಕ್ಕೂ ಬರುತ್ತದೆ. ಮಾಡು ಇಲ್ಲದಿದ್ದರೆ ನೀರನ್ನು ಅಂಚಿಗಿಂತ ಒಂದು ಅಡಿ ಕೆಳಗೆ ಇಳಿಸಿಡಿ, ದೊಡ್ಡ ಮಳೆಯ ನಂತರ ಮತ್ತೆ ಇಳಿಸಿ. ಸುತ್ತ ಒಂದು ಗೇಣು ಆಳದ ಚರಂಡಿ ತೋಡಿ ಅಂಗಳದ ನೀರು ಕೊಳದಡಿಗೆ ನುಗ್ಗದಂತೆ ತಿರುಗಿಸಿ. ನನ್ನ ಮೊದಲ ವರ್ಷದ ಸೋಲಿಗೆ ಮದ್ದು ಆ ಚರಂಡಿಯೇ ಆಗಿತ್ತು.

ತುಂಬಿಯೇ ಇಡುವ ನೀರಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಹಾಕಿದರೆ ನೀರು ಚಹಾದ ಬಣ್ಣವಾಗುತ್ತದೆ!

ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಕ್ಲೋರಿನ್ ಇರುತ್ತದೆ. 6500 ಲೀಟರ್ ನೀರಿಗೆ 200 ಗ್ರಾಂ ಹಾಕಿದರೆ ಸುಮಾರು 10 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 10 ಪಾಲು ಕ್ಲೋರಿನ್, ಬರುತ್ತದೆ. ಪಾಚಿ ಕೊಲ್ಲಲು, ಬಾಗಿಲು ಹಾಕುವ ದಿನಕ್ಕೆ ಅಷ್ಟು ಸಾಕು. ಈಜುವ ದಿನಗಳಲ್ಲಿ ಬೇಕಾದದ್ದು 1ರಿಂದ 3 ಪಿಪಿಎಂ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, ಇಳಿದಷ್ಟೂ ಹುಳಿ) 7.2ರಿಂದ 7.8ರ ನಡುವೆ. ಪುಡಿಯನ್ನು ನೇರವಾಗಿ ಎರಚಬೇಡಿ. ಪ್ಲಾಸ್ಟಿಕ್ ಬಾಲ್ದಿಯ ನೀರಿಗೆ ಪುಡಿ ಹಾಕಿ ಕಲಕಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಸಂಜೆ ಕೊಳಕ್ಕೆ ಸುರಿಯಿರಿ. ಬ್ಲೀಚಿಂಗ್ ಪೌಡರನ್ನು ಆಸಿಡ್ಡಿನ ಜೊತೆಗೆ, ಕ್ಲೋರಿನ್ ಮಾತ್ರೆಯ ಜೊತೆಗೆ ಬೆರೆಸುವುದು ಜೀವಕ್ಕೆ ಅಪಾಯ. ಅಳೆಯುವ ಚಮಚ ಕೂಡ ಬೇರೆ ಬೇರೆ ಇರಲಿ.

ಬಣ್ಣದ ವಿಷಯ. ನಮ್ಮ ಬಾವಿಗಳು ಮುರಕಲ್ಲಿನವು. ನೀರು ಮೃದು, ಸ್ವಲ್ಪ ಹುಳಿ, ಎಷ್ಟೋ ಕಡೆ ಕಬ್ಬಿಣದ ಅಂಶ ಇರುತ್ತದೆ. ಅದು ಕರಗಿರುವಾಗ ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಾಗಿದೊಡನೆ ತುಕ್ಕಾಗಿ ಬೇರ್ಪಡುತ್ತದೆ. ಮಾಟವೂ ಅಲ್ಲ, ಪುಡಿಯ ದೋಷವೂ ಅಲ್ಲ. ಎರಡು ದಿನ ಕಲಕದೆ ಬಿಟ್ಟರೆ ತಳಕ್ಕೆ ಕೂರುತ್ತದೆ, ಪೈಪಿನಿಂದ ತಳದ ಕೆಸರನ್ನು ಎಳೆದು ಹಾಕಿ. ಮಳೆನೀರು ಸೇರಿದಂತೆ ಪಿಎಚ್ ಇನ್ನೂ ಇಳಿಯುತ್ತದೆ, ಆಗ ಸ್ವಲ್ಪ ಸ್ವಲ್ಪವೇ ವಾಷಿಂಗ್ ಸೋಡಾ ಕರಗಿಸಿ ಹಾಕುತ್ತ ಪಟ್ಟಿ ನೋಡಿಕೊಳ್ಳಿ. ಇನ್ನೊಂದು ಮಾತು, ಪುಡಿಯ ಚೀಲವನ್ನು ಮಳೆಗಾಲಕ್ಕೆಂದು ಸಂಗ್ರಹಿಸಬೇಡಿ. ತೇವಕ್ಕೆ ಅದರ ಶಕ್ತಿ ಹೋಗಿ ಉಳಿಯುವುದು ಬರೀ ಸುಣ್ಣ.

ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಟ್ಟರೆ ಸೊಳ್ಳೆಯ ಚಿಂತೆ ಇಲ್ಲವಲ್ಲ?

ಕ್ಲೋರಿನ್ ಹಾಕಿದರೆ ಮೀನು ಸಾಯುತ್ತದೆ, ಹಾಕದಿದ್ದರೆ ಅದು ಈಜುಕೊಳವಲ್ಲ, ಕೆರೆ. ತುಳುಕಿದ ದಿನ ಮೀನೂ ನೀರಿನೊಡನೆ ತೋಡು ಸೇರುತ್ತದೆ.

1990ರ ದಶಕದಿಂದ ಮಂಗಳೂರಿಗೆ ಮಲೇರಿಯಾದ ಹೆಸರು ಅಂಟಿಕೊಂಡಿತ್ತು. ಈಗ ಅದು ಬಹಳ ಇಳಿದಿದೆ, ಆದರೆ 2019ರ ಮಳೆಗಾಲದಲ್ಲಿ ಡೆಂಗಿ ಮಾಡಿದ ಹಾವಳಿ ಯಾರೂ ಮರೆತಿಲ್ಲ. ನಮ್ಮ ಹವೆಯಲ್ಲಿ ಡೆಂಗಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಕೊಳವನ್ನು ಎಲ್ಲರೂ ನೋಡುತ್ತಾರೆ, ಸುತ್ತಮುತ್ತಲನ್ನು ನೋಡುವುದಿಲ್ಲ. ಬಾಯಿ ತೆರೆದು ನಿಲ್ಲಿಸಿದ ಫ್ರೇಮಿನ ಪೈಪು, ಟಾರ್ಪಾಲಿನ ಮಡಿಕೆ, ಮಕ್ಕಳು ಬಿಟ್ಟುಹೋದ ರಬ್ಬರ್ ಬಾತು, ಎಲ್ಲವೂ ಸೊಳ್ಳೆಗೆ ತೊಟ್ಟಿಲೇ. ಆ ಮೊಟ್ಟೆಗಳು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕುತ್ತವೆ, ಹಾಗಾಗಿ ನೀರು ಚೆಲ್ಲಿದರೆ ಸಾಲದು, ಅಂಚನ್ನು ತಿಕ್ಕಬೇಕು.

ಟೆರೇಸಿನ ಮೇಲೆ ಇಟ್ಟಿದ್ದೇವೆ. ಅಲ್ಲಿ ಹೊಯಿಗೆ ಕೊಚ್ಚಿಹೋಗುವ ಭಯವಿಲ್ಲ, ಬಿಡಬಹುದೆ?

ಮಳೆಗಾಲ ಬಿಡಿ, ಬೇಸಗೆಯಲ್ಲೂ ಅಲ್ಲಿ ಇಡಬೇಡಿ. ಓಡಾಡುವ ಟೆರೇಸಿಗೆ ಐಎಸ್ 875 (ಕಟ್ಟಡದ ಮೇಲಿನ ಭಾರಕ್ಕೆ ನಮ್ಮ ದೇಶದ ಸಂಹಿತೆ) ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಒಂದು ಅಡಿ ನೀರೇ 300 ಕಿಲೋ ತೂಗುತ್ತದೆ. ಎರಡು ಅಡಿಯ ಲೆಕ್ಕ ನೀವೇ ಹಾಕಿ. ಎಂಜಿನಿಯರು ನೋಡಿ ಬರೆದುಕೊಟ್ಟಿಲ್ಲವಾದರೆ ಇಂದೇ ಖಾಲಿ ಮಾಡಿ.

ಮಾವ, ನಾನಿರುವುದು ಕೆನಡಾದ ವಿನಿಪೆಗ್‌ನಲ್ಲಿ. ನಿಮ್ಮ ಸಲಹೆ ಇಲ್ಲಿಗೆ ನಡೆಯುತ್ತದೆಯೆ?

ಇದು ನನ್ನ ತಂಗಿಯ ಮಗನ ಪ್ರಶ್ನೆ. ಅಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 30 ಡಿಗ್ರಿ ಕೆಳಗೂ ಇಳಿಯುತ್ತದೆ. ಅಲ್ಲಿ ಪುಸ್ತಕದ ಆ ನಾಲ್ಕು ಪುಟವನ್ನು ಅಕ್ಷರಶಃ ಪಾಲಿಸಬೇಕು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡ ಹಿಗ್ಗುತ್ತದೆ. ಪಂಪು, ಫಿಲ್ಟರ್, ಪೈಪಿನಲ್ಲಿ ಉಳಿದ ನೀರು ಅವನ್ನು ಸೀಳುತ್ತದೆ. ಎಲ್ಲವನ್ನೂ ಬಿಚ್ಚಿ ನೀರಿಳಿಸಿ ಮನೆಯೊಳಗೆ ತರಬೇಕು. ಗಟ್ಟಿ ಗೋಡೆಯ ಕೊಳದ ನೀರನ್ನು ಗೋಡೆಯ ತೂತುಗಳಿಗಿಂತ ಕೆಳಗಿಳಿಸಿ, ತೂತುಗಳಿಗೆ ಬಿರಡೆ ಬಡಿದು, ನಡುವೆ ಗಾಳಿದಿಂಬು ತೇಲಿಬಿಟ್ಟು ಹೊದಿಕೆ ಬಿಗಿಯಬೇಕು. ಮಂಜುಗಡ್ಡೆ ಹಿಗ್ಗಿದಾಗ ಗೋಡೆಯನ್ನು ತಳ್ಳುವ ಬದಲು ದಿಂಬನ್ನು ಹಿಚುಕುತ್ತದೆ. ಬಿಚ್ಚಲಾಗದ ಕೊಳವೆಗಳಿಗೆ ಹೆಪ್ಪುರೋಧಕ ಹಾಕುವುದಾದರೆ ಈಜುಕೊಳದ್ದೇ ಆದ ಪ್ರೊಪಿಲೀನ್ ಗ್ಲೈಕಾಲ್ ಹಾಕು. ಕಾರಿನದು ಎಥಿಲೀನ್ ಗ್ಲೈಕಾಲ್, ವಿಷ. ಫ್ರೇಮಿನ ಕೊಳವಾದರೆ ಅಲ್ಲಿಯೂ ಬಿಚ್ಚಿ ಒಣಗಿಸಿ ಒಳಗಿಡುವುದೇ. ನಿನ್ನ ಪತ್ತನಾಜೆ ಸೆಪ್ಟೆಂಬರಿನಲ್ಲಿ ಬರುತ್ತದೆ, ಅಷ್ಟೆ ವ್ಯತ್ಯಾಸ.

ಮಳೆಯಲ್ಲಿ ನೆನೆಯುತ್ತ ಈಜುವುದು ಚೆನ್ನಲ್ಲವೆ? ಮುಚ್ಚುವುದೇ ಏಕೆ?

ಚೆನ್ನ, ಗುಡುಗು ಕೇಳುವವರೆಗೆ. ಕೇಳಿದೊಡನೆ ಎಲ್ಲರೂ ಮನೆಯೊಳಗೆ. ಒಂದು ಜಡಿಮಳೆಗೆ ಕ್ಲೋರಿನ್ ತೆಳುವಾಗುತ್ತದೆ, ಮಾಡಿನ ಕಸ, ಹಕ್ಕಿಯ ಹಿಕ್ಕೆ ನೀರಿಗೆ ಸೇರುತ್ತದೆ. ದಿನಾ ಪರೀಕ್ಷಿಸಿ ಸರಿಪಡಿಸುವ ತಾಳ್ಮೆ ಇದ್ದವರು ಮಾಡಿನ ಕೆಳಗೆ ಈಜಿಕೊಳ್ಳಲಿ. ನನಗಿಲ್ಲ.

ಮತ್ತೆ ಯಾವಾಗ ನಿಲ್ಲಿಸುವುದು?

ನಾನು ದೀಪಾವಳಿ ಮುಗಿಯಲು ಕಾಯುತ್ತೇನೆ. ಅಕ್ಟೋಬರಿನಲ್ಲಿ ಮಧ್ಯಾಹ್ನ ಮೋಡ ಕಟ್ಟಿ ಸಿಡಿಲು ಹೊಡೆಯುವ ಮಳೆ ಇನ್ನೂ ಇರುತ್ತದೆ. ಬಾವಿ ಆಗ ತುಂಬಿರುತ್ತದೆ, ನೀರು ಎತ್ತಲು ಮನಸ್ಸು ಅಳುಕುವುದಿಲ್ಲ. ಜಾಗವನ್ನು ಮತ್ತೆ ಮಟ್ಟ ನೋಡಿ, ಕಲ್ಲು ಬೇರು ಆರಿಸಿ, ಹೊಸ ಹೊಯಿಗೆ ಹಾಕಿ. ಮೊದಲು ಅರ್ಧ ಅಡಿ ತುಂಬಿಸಿ ಒಂದು ರಾತ್ರಿ ಬಿಡಿ. ಸೋರುವುದಿದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಜೂನ್ ಬಂದೇ ಬಿಟ್ಟಿತು, ಮಳೆ ಹಿಡಿದಿದೆ, ಕೊಳ ಇನ್ನೂ ಅಂಗಳದಲ್ಲಿ ತುಂಬಿ ನಿಂತಿದೆ. ಈಗೇನು ಮಾಡಲಿ?

ಬೈಯುವುದಿಲ್ಲ, ಪ್ರತಿವರ್ಷ ಇಬ್ಬರಾದರೂ ಹೀಗೆ ಕೇಳುತ್ತಾರೆ. ಇಂದೇ ನೀರಿಳಿಸಿ. ಒದ್ದೆ ಹಾಳೆಯನ್ನು ಮಡಚಲೇಬೇಡಿ. ಕಾರು ನಿಲ್ಲಿಸುವ ಪೋರ್ಚಿನಲ್ಲೋ ಖಾಲಿ ದನದ ಹಟ್ಟಿಯಲ್ಲೋ ಹಗ್ಗ ಕಟ್ಟಿ, ಮಡಿಕೆ ಬೀಳದಂತೆ ಹರಡಿ ಹಾಕಿ, ಕೆಳಗೆ ಫ್ಯಾನು ಬಿಡಿ. ಎರಡು ದಿನಕ್ಕೊಮ್ಮೆ ತಿರುವಿ ಹಾಕಿ, ತೋಳುಗಳೊಳಗೆ ಕೋಲು ಆಡಿಸಿ. ಆಟಿ ಕಳೆದು ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ನಡುನಡುವೆ ಎರಡು ಮೂರು ಗಂಟೆ ಒಳ್ಳೆಯ ಬಿಸಿಲು ಬರುತ್ತದೆ. ಆಗ ಅಂಗಳಕ್ಕೆ ತಂದು ಒಣಗಿಸಿ ಡ್ರಮ್ಮಿಗೆ ಹಾಕಿ. ಅಲ್ಲಿಯವರೆಗೆ ಕಾರು ಮಳೆಯಲ್ಲಿ ನೆನೆಯಲಿ.